‘ಅಕ್ಷರ ಒಡೆದಿದೆ’ ಅಂದರೆ ನಿಜಕ್ಕೂ ಏನಾಗಿದೆ?

ಗೆಳೆಯರೇ,

‘ಒಡೆ’ ಎಂಬ ಮಾತಿನ ಬಗ್ಗೆ ಒಂದು ತಕರಾರು. ಹಾಲು ಒಡೆಯುತ್ತದೆ, ಗಡಿಗೆ ಒಡೆಯುತ್ತದೆ, ಅಣ್ಣತಮ್ಮಂದಿರು ಜಗಳವಾಡಿದರೆ ಮನೆಯೂ ಒಡೆಯುತ್ತದೆ. ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ಡಿಟಿಪಿ ಅಂಗಡಿಯಲ್ಲಿ ಅಕ್ಷರವೂ ಒಡೆಯುತ್ತದೆ. ನನಗೆ ಕಾಟ ಕೊಟ್ಟದ್ದು ಈ ಕೊನೆಯದು.

ಹೋದ ತಿಂಗಳು ನಮ್ಮೂರ ಶಾಲೆಯ ಸ್ಮರಣ ಸಂಚಿಕೆ ನನ್ನ ತಲೆಗೆ ಬಿತ್ತು. ಲೇಖನ ಕೆಲವರು ಹಳೇ ನುಡಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟು) ಕೊಟ್ಟರು, ಕೆಲವರು ವರ್ಡ್‌ನಲ್ಲಿ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಪದ್ಧತಿ), ಉಳಿದವರು ಮೊಬೈಲಿನಲ್ಲಿ ಕುಟ್ಟಿ ವಾಟ್ಸಾಪ್ ಮಾಡಿದರು. ಅಡೋಬಿ ಕಂಪನಿಯ ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವ ಹುಡುಗ ಫೋನ್ ಮಾಡಿದ. “ಸಾರ್, ಇನ್‌ಡಿಸೈನ್‌ಗೆ ಹಾಕಿದ್ರೆ ಮ್ಯಾಟರೆಲ್ಲ ಒಡೆದೋಗಿದೆ.”

ನನಗೆ ತಕ್ಷಣ ಹೊಳೆದದ್ದು ಒತ್ತಕ್ಷರ. ‘ಕನ್ನಡ’ ಅನ್ನುವುದು ‘ಕನ್‌ನಡ’ ಎಂಬಂತೆ ಕಾಣುವ ರೋಗ ಗೊತ್ತಲ್ವಾ, ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ಮದ್ದು ಸುಲಭ. ಅದರಲ್ಲಿ ಸಾಲು ಜೋಡಿಸುವ ಭಾಗಕ್ಕೆ ಕಂಪೋಸರ್ ಅನ್ನುತ್ತಾರೆ; ಅಡೋಬಿಯ ಸಾಮಾನ್ಯ ಪ್ಯಾರಾಗ್ರಾಫ್ ಕಂಪೋಸರಿಗೆ ನಮ್ಮ ಒತ್ತು ಜೋಡಿಸಲು ಬರುವುದಿಲ್ಲ. ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಪ್ಯಾರಾಗ್ರಾಫ್ ಸ್ಟೈಲಿನ ಒಳಗೇ ಆರಿಸಿಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಪ್ರತಿ ಲೇಖನಕ್ಕೂ ಅದೇ ಗೋಳು. ಇಷ್ಟನ್ನೂ ಹೇಳಿದೆ.

“ಅದೇ ಇದೆ ಸಾರ್. ಆದ್ರೂ ಒಡೆದಿದೆ.”

ಅರ್ಧ ಗಂಟೆ ಹೀಗೇ ಹೋಯಿತು. ಕೊನೆಗೆ ಫೋಟೊ ಕಳಿಸು ಮಾರಾಯಾ ಅಂದೆ. ಬಂತು. ಒತ್ತುಗಳೆಲ್ಲ ಚೆನ್ನಾಗಿ ಕೂತಿವೆ! ಆದರೆ ಓದಿದರೆ ‘ಕನಾರ್ಟಕ’, ‘ವಷರ್’, ‘ಕಾಯರ್ಕ್ರಮ’.

ಇದು ಬೇರೆಯೇ ಕಥೆ. ನುಡಿಯ ಹಳೇ ಫಾಂಟಿನಲ್ಲಿ ಅಕ್ಷರಗಳನ್ನು ಕಣ್ಣಿಗೆ ಕಾಣುವ ಸಾಲಿನಲ್ಲೇ ಇಡುತ್ತಾರೆ. ‘ಕರ್ನಾಟಕ’ದಲ್ಲಿ ಮೊದಲು ಕ, ಆಮೇಲೆ ನಾ, ಅದರ ಬಲಕ್ಕೆ ಅರ್ಕಾವತ್ತು, ಅಂದರೆ ರ್ ತೋರಿಸುವ ಗುರುತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಸಾಲು: ರ್ ಮೊದಲು, ನಾ ಆಮೇಲೆ. ನುಡಿಯನ್ನು ಯೂನಿಕೋಡಿಗೆ ಬದಲಿಸಲು ಆ ಹುಡುಗ ಬಳಸಿದ ಹಳೇ ಕನ್ವರ್ಟರ್ ಅರ್ಕಾವತ್ತನ್ನು ಹಿಂದಕ್ಕೆ ಎಳೆಯದೆ ಇದ್ದಲ್ಲೇ ಬಿಟ್ಟಿತ್ತು. ಅದು ಹೋಗಿ ಮುಂದಿನ ಟಕಾರದ ಹೆಗಲೇರಿತು.

ಹುಡುಕಿ ಬದಲಿಸಿದರೆ ಆಯಿತಲ್ಲ ಅನ್ನಬೇಡಿ. ‘ಯರ್’ ಇದ್ದಲ್ಲೆಲ್ಲ ‘ರ್ಯ’ ಮಾಡು ಅಂತ ನಾನೂ ಹೇಳಿ ಕೈ ಸುಟ್ಟುಕೊಂಡೆ. ಕಾಯರ್ಕ್ರಮವೇನೋ ಕಾರ್ಯಕ್ರಮವಾಯಿತು. ಆದರೆ ಶಾಲೆಯ ಹಳೇ ವಿದ್ಯಾರ್ಥಿಗಳ ಪಟ್ಟಿಯಲ್ಲಿದ್ದ ಲಾಯರ್ ‘ಲಾರ್ಯ’ ಆದರು, ಇಂಜಿನಿಯರ್ ‘ಇಂಜಿನಿರ್ಯ’! ಕೊನೆಗೆ ಸುಮ್ನೆ ಕೂತು ಒಂದೊಂದೇ ನೋಡಿ ತಿದ್ದಿದೆವು.

ಮಾರನೇ ದಿನ ಮತ್ತೆ ಫೋನ್. “ಇನ್ನೊಂದು ಲೇಖನ ಒಡೆದಿದೆ.” ಈ ಸಲ ಮೊದಲು ಫೋಟೊ ಕೇಳಿದೆ. ನುಡಿ ಲೇಖನವನ್ನು ಬದಲಿಸದೇ ಹಾಗೇ ತಂದು ಯೂನಿಕೋಡ್ ಫಾಂಟಿನ ಸ್ಟೈಲ್ ಹಚ್ಚಿಬಿಟ್ಟಿದ್ದ. ಕಕಾರ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ನಕಾರ ಇರಬೇಕಾದಲ್ಲಿ ಪೌಂಡ್ ಹಣದ ಗುರುತು. ಕನ್ನಡದ ಲೇಖನ ಲಂಡನ್ನಿನ ಬಿಲ್ಲಿನ ಥರ ಕಾಣುತ್ತಿತ್ತು.

ನೋಡಿ, ಮೂರು ಬೇರೆ ಬೇರೆ ತೊಂದರೆ, ಮೂರಕ್ಕೂ ಮದ್ದು ಬೇರೆ. ಮಾತು ಮಾತ್ರ ಒಂದೇ. ಸಾಲದ್ದಕ್ಕೆ, ಸಾಲಿನ ಕೊನೆಯಲ್ಲಿ ಉದ್ದದ ಪದವನ್ನು ಎರಡು ಮಾಡುವುದಕ್ಕೂ ‘ಪದ ಒಡೆಯುವುದು’ ಅಂತಲೇ ಅನ್ನುತ್ತಾರೆ. ಅದು ಬೇಕೆಂದೇ ಮಾಡುವ ಕೆಲಸ, ತಪ್ಪೇ ಅಲ್ಲ.

ನಾನೀಗ ಆ ಹುಡುಗನ ಜೊತೆ ಹೀಗೆ ಮಾತಾಡುತ್ತೇನೆ: ಒತ್ತು ಕೂರದಿದ್ದರೆ ‘ಒತ್ತು ಬಿಚ್ಚಿದೆ’. ಕನಾರ್ಟಕದಂಥದ್ದಕ್ಕೆ ‘ಅರ್ಕಾವತ್ತು ಜಾರಿದೆ’. ಪೌಂಡ್ ಗುರುತು ಬಂದರೆ ಅವನದೇ ಮಾತು, ‘ಜಂಕ್’. ಮೊದಲೆರಡು ನನಗೆ ಒಗ್ಗಿವೆ. ಜಂಕ್‌ಗೆ ಬದಲು ‘ಕಲಸುಮೇಲೋಗರ’ ಅಂದು ನೋಡಿದೆ, ಅವನು ನಕ್ಕುಬಿಟ್ಟ.

ನಿಮ್ಮ ಕಡೆ ಏನಂತಾರೆ? ಧಾರವಾಡ, ಮಂಗಳೂರು ಕಡೆಯ ಡಿಟಿಪಿಯವರು ಬೇರೆ ಮಾತು ಬಳಸುತ್ತಾರಾ? ಅಚ್ಚುಮೊಳೆ ಜೋಡಿಸಿ ಗೊತ್ತಿರುವ ಹಿರಿಯರು ಇಲ್ಲಿದ್ದರೆ ಅವರನ್ನೂ ಕೇಳಬೇಕು: ಒತ್ತು ತಪ್ಪಿ ಬೇರೆ ಅಕ್ಷರದ ಪಕ್ಕ ಕೂತರೆ ಪ್ರೆಸ್ಸಿನಲ್ಲಿ ಅದಕ್ಕೆ ಏನು ಅನ್ನುತ್ತಿದ್ದಿರಿ?