ಒಂದೇ ಪಾತ್ರೆಯಲ್ಲಿ ಬೀಫ್ ಖೀಮಾ ಚೀಸ್ ಪಾಸ್ತಾ: ಎರಡು ಸಲ ಕೆಟ್ಟಿತು, ಎಲ್ಲಿ ತಪ್ಪುತ್ತಿದೆ?

ರಿಂಗ್ ರೋಡ್ ಮನೆ, ಕಲಬುರಗಿ

ನಮಸ್ಕಾರ. ನಾನು ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ, ಮನೆ ಮುಟ್ಟುವಾಗ ರಾತ್ರಿ ಎಂಟು ದಾಟಿರುತ್ತದೆ. ಮಕ್ಕಳಿಬ್ಬರೂ ಹಸಿದು ಕೂತಿರುತ್ತಾರೆ. ಅವರು ಫೋನಿನಲ್ಲಿ ಒಂದು ಅಡುಗೆ ನೋಡಿದ್ದಾರೆ: ಬೀಫ್ ಖೀಮಾ, ಟಮಾಟೆ, ಪಾಸ್ತಾ, ಚೀಸ್ ಎಲ್ಲ ಒಂದೇ ಪಾತ್ರೆಯಲ್ಲಿ, ಅರ್ಧ ಗಂಟೆಯಲ್ಲಿ ಊಟ ತಯಾರು. ಒಂದೇ ಪಾತ್ರೆ ತೊಳೆಯುವುದು ಅಂದ ಕೂಡಲೇ ನನಗೂ ಆಸೆ ಆಯಿತು. ಪ್ಯಾಕೆಟ್ ಮಸಾಲೆ ಬೇಡ, ಎಲ್ಲ ಮನೆಯಲ್ಲೇ ಮಾಡಬೇಕು ಅಂತ ನನ್ನ ಹಟ.

ಎರಡು ಸಲ ಮಾಡಿದೆ. ಎರಡೂ ಸಲ ಸರಿಯಾಗಲಿಲ್ಲ.

ಮೊದಲ ಸಲ ಕಡಾಯಿಯಲ್ಲಿ ಎಣ್ಣೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿ, 300 ಗ್ರಾಂ ಖೀಮಾ ಹುರಿದು, ಟಮಾಟೆ ಹಾಕಿ, 250 ಗ್ರಾಂ ಪಾಸ್ತಾ ಸುರಿದು, ನಾಲ್ಕು ದೊಡ್ಡ ಗ್ಲಾಸ್ ನೀರು ಹಾಕಿ ಮುಚ್ಚಿಟ್ಟೆ. ಪಾಸ್ತಾ ಗಂಜಿ ಆಯಿತು, ಆದರೆ ಖೀಮಾ ಮಾತ್ರ ಹಲ್ಲಿಗೆ ಹರಳು ಸಿಕ್ಕ ಹಾಗೆ ಗಟ್ಟಿ. ಎರಡನೇ ಸಲ ನೀರು ಎರಡು ಗ್ಲಾಸಿಗೆ ಇಳಿಸಿದೆ. ತಳ ಹತ್ತಿತು, ಮೇಲಿನ ಪಾಸ್ತಾ ಬೇಯಲಿಲ್ಲ, ಖೀಮಾ ಹಾಗೇ ಗಟ್ಟಿ. ಕೊನೆಗೆ ಹಾಲು, ಚೀಸ್ ಹಾಕಿ ಕುದಿಸಿದೆ, ಹಾಲು ಒಡೆಯಿತು, ಚೀಸ್ ಒಂದು ಮುದ್ದೆ ಆಗಿ ಮೇಲೆ ಎಣ್ಣೆ ತೇಲಿತು. ಚಿಕ್ಕವನು ಖೀಮಾ ಒಂದೊಂದೇ ಹೆಕ್ಕಿ ತಟ್ಟೆಯ ಅಂಚಿಗೆ ಇಟ್ಟ. ಅದನ್ನು ನೋಡಿ ಬೇಜಾರಾಯಿತು.

ಪಾಸ್ತಾ ಬೇಗ ಬೇಯುತ್ತದೆ, ಖೀಮಾ ಬೇಯುವುದಿಲ್ಲ. ಎರಡನ್ನೂ ಒಂದೇ ಪಾತ್ರೆಯಲ್ಲಿ ಹೇಗೆ ಹೊಂದಿಸುವುದು? ಮಾಡಿ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹುಮನಾಬಾದ್ ಕಡೆಯವ

ಅಕ್ಕ, ನಿಮ್ಮ ಕೈಯಲ್ಲಿ ತಪ್ಪಿಲ್ಲ. ಆ ಅಡುಗೆ ಬರೆದಿರುವುದೇ ಬೇರೆ ಮಾಂಸಕ್ಕೆ.

ಅಮೆರಿಕದ ಮನೆಗಳಲ್ಲಿ ಇದು ಹಳೇ ಊಟ. ಅಲ್ಲಿ 1971ರಿಂದಲೇ ಇದಕ್ಕೆ ಹ್ಯಾಂಬರ್ಗರ್ ಹೆಲ್ಪರ್ ಅಂತ ಡಬ್ಬಿಯಲ್ಲಿ ಪಾಸ್ತಾ, ಮಸಾಲೆ ಎರಡೂ ಸಿಗುತ್ತಿತ್ತು, ಮನೆಯವರು ಖೀಮಾ ಒಂದು ಹಾಕಿದರೆ ಸಾಕಿತ್ತು. ಅವರ ಖೀಮಾ ದನದ್ದು, ಅದರಲ್ಲಿ ಕೊಬ್ಬು ಜಾಸ್ತಿ, ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು ಪಾಲು ಕೊಬ್ಬೇ ಇರುತ್ತದೆ. ಹತ್ತು ನಿಮಿಷ ಹುರಿದರೆ ಮೆತ್ತಗಾಗುತ್ತದೆ. ಹುರಿದ ಮೇಲೆ ಕೊಬ್ಬು ಬಸಿದು ಚೆಲ್ಲಿ ಅಂತ ಕೂಡ ಬರೆದಿರುತ್ತಾರೆ ನೋಡಿ.

ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದು ಎಮ್ಮೆ, ಕೋಣದ ಮಾಂಸ. ಅದರಲ್ಲಿ ಕೊಬ್ಬು ಬಹಳ ಕಡಿಮೆ, ಎಳೆ ದಪ್ಪ, ಬಣ್ಣ ಕಡು. ಇನ್ನೊಂದು ವಿಷಯ, 2021ರಲ್ಲಿ ಜಾರಿಗೆ ಬಂದ ಕರ್ನಾಟಕದ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣವನ್ನು ಮಾತ್ರ ಕಡಿಯಬಹುದು, ಅದಕ್ಕೂ ಅಧಿಕಾರಿಯ ಪ್ರಮಾಣಪತ್ರ ಬೇಕು. ಅಂದರೆ ವಯಸ್ಸಾದ ಪ್ರಾಣಿ. ವಯಸ್ಸಾದಂತೆ ಮಾಂಸದೊಳಗಿನ ನಾರು ಗಟ್ಟಿಯಾಗುತ್ತದೆ, ಖೀಮಾ ಹೊಡೆಸಿದರೂ ಆ ನಾರು ಅಲ್ಲೇ ಇರುತ್ತದೆ. ಅದು ಕರಗಲು ನೀರು, ಬಿಸಿ, ಸಮಯ ಮೂರೂ ಬೇಕು. ಕಡಾಯಿಯಲ್ಲಿ ಹದಿನೈದು ನಿಮಿಷಕ್ಕೆ ಆಗುವ ಕೆಲಸ ಅಲ್ಲ.

ಈಗ ಒಂದು ಮಾತು ಕೇಳುತ್ತೇನೆ. ನೀವು ಕಲಬುರಗಿಯವರು, ತಹರಿ ಗೊತ್ತಲ್ವಾ? ತಹರಿಗೆ ಹಸಿ ಮಾಂಸ ಮತ್ತು ಅಕ್ಕಿ ಒಟ್ಟಿಗೆ ಯಾರಾದರೂ ಹಾಕುತ್ತಾರಾ? ಮೊದಲು ಮಾಂಸ ಮೆತ್ತಗೆ ಬೇಯಿಸಿ, ಆಮೇಲೆ ಅದೇ ರಸದಲ್ಲಿ ಅಕ್ಕಿ ಬಿಡುತ್ತಾರೆ. ಪಾಸ್ತಾವನ್ನು ತಹರಿಯ ಅಕ್ಕಿ ಅಂದುಕೊಳ್ಳಿ. ಅಷ್ಟೇ ಗುಟ್ಟು. ಕಡಾಯಿ ಬಿಟ್ಟು ಐದು ಲೀಟರಿನ ಕುಕ್ಕರ್ ತಗೊಳ್ಳಿ, ಅದೇ ನಿಮ್ಮ ಒಂದೇ ಪಾತ್ರೆ.

ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ಖೀಮಾ ತೊಳೆದರೆ ಜಾಲರಿಯಲ್ಲಿ ಹಾಕಿ ಹತ್ತು ನಿಮಿಷ ನೀರು ಪೂರ್ತಿ ಇಳಿಯಲು ಬಿಡಿ. ಹಸಿ ನೀರು ಉಳಿದರೆ ಖೀಮಾ ಹುರಿಯುವುದಿಲ್ಲ, ಬೇಯುತ್ತದೆ, ಬಣ್ಣ ಬೂದಿ ಆಗುತ್ತದೆ. ಕುಕ್ಕರ್ ಚೆನ್ನಾಗಿ ಕಾಯಿಸಿ ಎರಡು ದೊಡ್ಡ ಚಮಚ ಎಣ್ಣೆ ಹಾಕಿ. ಇಲ್ಲಿ ಎಣ್ಣೆಗೆ ಹಿಂಜರಿಯಬೇಡಿ, ಮಾಂಸದಲ್ಲಿ ಕೊಬ್ಬಿಲ್ಲ. ಖೀಮಾ ಹರಡಿ ನಾಲ್ಕು ನಿಮಿಷ ಕೈ ಆಡಿಸದೆ ಸುಮ್ನೆ ಬಿಡಿ. ತಳದಲ್ಲಿ ಕಂದು ಬಣ್ಣ ಬಂದ ಮೇಲೆ ಒಡೆದು ಮಗುಚಿ. ಆ ಕಂದು ಬಣ್ಣದಲ್ಲೇ ರುಚಿ ಇರುವುದು. ಆಮೇಲೆ ಎರಡು ಉಳ್ಳಾಗಡ್ಡಿ, ಎಂಟು ಎಸಳು ಬಳ್ಳೊಳ್ಳಿ ಸಣ್ಣಗೆ ಹೆಚ್ಚಿ ಹಾಕಿ. ಅವು ಬಾಡಿದ ಮೇಲೆ ಒಂದು ಚಮಚ ಖಾರ, ಅರ್ಧ ಚಮಚ ಕಾಳುಮೆಣಸಿನ ಪುಡಿ, ನಾಲ್ಕು ಹಣ್ಣಾದ ಟಮಾಟೆ. ಉಪ್ಪು ಅರ್ಧವೇ ಹಾಕಿ, ಚೀಸಿನಲ್ಲಿ ಉಪ್ಪಿರುತ್ತದೆ. ಒಂದು ಸಣ್ಣ ಗ್ಲಾಸ್ ನೀರು ಹಾಕಿ, ಸೌಟಿನಿಂದ ತಳ ಕೆರೆದು ಮುಚ್ಚಿ. ನಾಲ್ಕು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆವಿ ತಾನಾಗಿ ಇಳಿಯಲಿ. ತೆಗೆದು ಒಂದು ಚೂರು ಬಾಯಿಗೆ ಹಾಕಿ ನೋಡಿ, ಮೆತ್ತಗಾಗಿದ್ದರೆ ಮಾತ್ರ ಪಾಸ್ತಾ ಹಾಕಿ. ಇಲ್ಲದಿದ್ದರೆ ಇನ್ನೆರಡು ಸೀಟಿ.

ಅರ್ಧ ಗಂಟೆಯಲ್ಲಿ ಆಗುವುದಿಲ್ಲ, ಐವತ್ತು ನಿಮಿಷ ಹಿಡಿಯಿರಿ. ಆದರೆ ಅದರಲ್ಲಿ ಇಪ್ಪತ್ತೈದು ನಿಮಿಷ ಕುಕ್ಕರ್ ಪಾಡಿಗೆ ಕುಕ್ಕರ್ ಇರುತ್ತದೆ, ನೀವು ಸ್ನಾನ ಮಾಡಿ ಬರಬಹುದು.

ಬನ್ಸಿ ರವೆ

ಮಾಂಸದ ಮಾತು ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಪಾಸ್ತಾ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಗಂಜಿ ಆಗುವುದಕ್ಕೆ ನೀರು ಒಂದೇ ಕಾರಣ ಅಲ್ಲ.

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಡ್ಯೂರಮ್ ಗೋಧಿಯ ರವೆ ಅಂತ ಬರೆದಿದೆಯಾ, ಮೈದಾ ಅಂತ ಬರೆದಿದೆಯಾ? ಡ್ಯೂರಮ್ ಅಂದರೆ ಪರದೇಶದ್ದೇನೂ ಅಲ್ಲ, ನಮ್ಮ ಬನ್ಸಿ ರವೆ ಬರುವುದು ಅದೇ ಜಾತಿಯ ಗೋಧಿಯಿಂದ. ಬನ್ಸಿ ರವೆಯ ಉಪ್ಪಿಟ್ಟು ಹೇಗೆ ಉದುರುದುರಾಗಿ ನಿಲ್ಲುತ್ತದೆ, ಡ್ಯೂರಮ್ ಪಾಸ್ತಾ ಕೂಡ ಹಾಗೇ ಆಕಾರ ಬಿಡುವುದಿಲ್ಲ. ಮೈದಾ ಪಾಸ್ತಾ ಆದರೆ ಒಂದೇ ಪಾತ್ರೆಯ ಅಡುಗೆಗೆ ಬೇಡವೇ ಬೇಡ. ಅದು ಎರಡು ನಿಮಿಷ ಜಾಸ್ತಿ ಆದರೂ ಕರಗುತ್ತದೆ. ನನಗೂ ಒಂದು ಕಿರಾಣಿ ಅಂಗಡಿಯಲ್ಲಿ ಸಡಿಲ ಮ್ಯಾಕರೋನಿ ತಂದು ಹೀಗೇ ಆಗಿತ್ತು, ಆಮೇಲಿಂದ ಹಿಂದೆ ಓದದೆ ತರುವುದಿಲ್ಲ.

ಇನ್ನು ನೀರು. ಬೇರೆ ಪಾತ್ರೆಯಲ್ಲಿ ಬೇಯಿಸುವಾಗ ನೀರು ಎಷ್ಟಾದರೂ ಹಾಕಿ ಬಸಿಯುತ್ತೇವೆ. ಇಲ್ಲಿ ಬಸಿಯುವುದಿಲ್ಲ, ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಅದೇ ಇದರ ಚೆಂದ ಕೂಡ: ಪಾಸ್ತಾದಿಂದ ಬಿಟ್ಟ ಪಿಷ್ಟ ರಸವನ್ನು ಗಟ್ಟಿ ಮಾಡುತ್ತದೆ, ಎಣ್ಣೆ, ನೀರು, ಚೀಸ್ ಮೂರನ್ನೂ ಹಿಡಿದು ಕೂಡಿಸುತ್ತದೆ. ಹೊರಗಿನಿಂದ ಮೈದಾ, ಕಾರ್ನ್‌ಫ್ಲೋರ್ ಏನೂ ಬೇಡ. 250 ಗ್ರಾಂ ಪಾಸ್ತಾಗೆ, ಖೀಮಾ ಬೆಂದ ರಸದ ಮೇಲೆ, ಕುದಿಯುವ ನೀರು 500 ಮಿಲಿ ಹಾಕಿ. ತಣ್ಣೀರು ಬೇಡ. ಪಾಸ್ತಾ ಮುಳುಗಿಯೂ ಮುಳುಗದ ಹಾಗೆ ಇರಬೇಕು. ಪಕ್ಕದಲ್ಲಿ ಇನ್ನೊಂದು ಕಪ್ ಬಿಸಿನೀರು ಇಟ್ಟುಕೊಳ್ಳಿ, ಒಣಗಿತು ಅನಿಸಿದರೆ ಸ್ವಲ್ಪ ಸ್ವಲ್ಪ ಸೇರಿಸಿ. ಸೇರಿಸುವುದು ಸುಲಭ, ತೆಗೆಯಲು ಬರುವುದಿಲ್ಲ.

ಹಾಕಿದ ಮೊದಲ ಎರಡು ನಿಮಿಷ ಬಿಡದೆ ಕೈ ಆಡಿಸಿ. ಆಗಲೇ ಒಂದಕ್ಕೊಂದು ಅಂಟುವುದು. ಆಮೇಲೆ ಎರಡು ನಿಮಿಷಕ್ಕೊಮ್ಮೆ ತಳದಿಂದ ತಿರುವಿ. ಪೆನ್ನೆ, ಮ್ಯಾಕರೋನಿ, ಸುರುಳಿ ಈ ಮೂರೂ ಚೆನ್ನ. ಸ್ಪಗೆಟಿ ಖೀಮಾದ ಜೊತೆ ಒಂದೇ ಪಾತ್ರೆಯಲ್ಲಿ ತಿರುವಲು ಕಷ್ಟ.

ಒಂದು ಮಾತು ದಯವಿಟ್ಟು ನೆನಪಿಡಿ. ಪಾಸ್ತಾ ಹಾಕಿದ ಮೇಲೆ ಕುಕ್ಕರ್ ಮುಚ್ಚಳ ಬಿಗಿದು ಸೀಟಿ ಹೊಡೆಸಬೇಡಿ. ಪಾಸ್ತಾ ನೊರೆ ಬಿಡುತ್ತದೆ, ಆ ನೊರೆ ಆವಿ ಹೋಗುವ ರಂಧ್ರದಲ್ಲಿ ಕಟ್ಟಿಕೊಂಡರೆ ಅಪಾಯ. ಬೇರೆ ತಟ್ಟೆ ಸಡಿಲವಾಗಿ ಮುಚ್ಚಿದರೆ ಸಾಕು. ಪ್ಯಾಕೆಟ್ ಮೇಲೆ 11 ನಿಮಿಷ ಅಂತ ಇದ್ದರೆ 9ನೇ ನಿಮಿಷಕ್ಕೇ ಒಂದು ತಿಂದು ನೋಡಲು ಶುರು ಮಾಡಿ, ಒಳಗೆ ಸಣ್ಣ ಗಟ್ಟಿ ಇರುವಾಗಲೇ ಉರಿ ಆರಿಸಿ. ಮುಚ್ಚಿಟ್ಟರೆ ಆ ಬಿಸಿಗೇ ಉಳಿದದ್ದು ಬೇಯುತ್ತದೆ.

ಭೀಮಾ ದಂಡೆ, ಯಾದಗಿರಿ

ಇಷ್ಟೆಲ್ಲ ಸೀಟಿ ಯಾಕೆ? ಪಪ್ಪಾಯಿ ಕಾಯಿ ಅರೆದು ಖೀಮಾಗೆ ಹಚ್ಚಿ ಅರ್ಧ ಗಂಟೆ ಇಡಿ. ನಮ್ಮ ಅಜ್ಜಿ ಕಬಾಬಿಗೆ ಹಾಗೇ ಮಾಡುತ್ತಿದ್ದರು, ಎಂಥ ಮುದಿ ಮಾಂಸವೂ ಬೆಣ್ಣೆ ಆಗುತ್ತಿತ್ತು.

ಹುಮನಾಬಾದ್ ಕಡೆಯವ

ಕಬಾಬಿಗೆ ಪಪ್ಪಾಯಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಪ್ಪಾಯಿ ಹಾಲು ಮಾಂಸದ ಎಳೆಯನ್ನೇ ಒಡೆಯುತ್ತದೆ. ಖೀಮಾ ಮೊದಲೇ ಸಣ್ಣ, ಅದರ ಮೇಲೆ ಪಪ್ಪಾಯಿ ಜಾಸ್ತಿ ಆದರೆ ಮುಟ್ಟಿದರೆ ಹಿಟ್ಟಿನ ಹಾಗೆ ಆಗುತ್ತದೆ. ಸೀಖ್ ಕಬಾಬಿಗೆ ಅದು ಒಳ್ಳೇದು, ಒತ್ತಿ ಕಟ್ಟಲು ಬರುತ್ತದೆ. ಪಾಸ್ತಾದಲ್ಲಿ ಖೀಮಾ ಬಿಡಿಬಿಡಿಯಾಗಿ ಸಿಗಬೇಕು. ಹಾಕಲೇಬೇಕು ಅಂದರೆ 300 ಗ್ರಾಂಗೆ ಒಂದು ಸಣ್ಣ ಚಮಚ, ಹತ್ತೇ ನಿಮಿಷ, ಸೀಟಿ ಎರಡು ಕಡಿಮೆ. ರಾತ್ರಿ ಎಂಟಕ್ಕೆ ಬಂದವರು ಪಪ್ಪಾಯಿ ಅರೆಯುತ್ತಾ ಕೂರಬೇಕಲ್ಲ ಅಂತ ನಾನು ಹೇಳಲಿಲ್ಲ.

ಬೀದರ್ ಹಾಲಿನ ಮನೆ

ಚೀಸ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ಹಾಲು ಒಡೆದದ್ದು ಟಮಾಟೆಯಿಂದ. ಕುದಿಯುವ ಹಾಲಿಗೆ ನಿಂಬೆ ಹಿಂಡಿ ಪನೀರ್ ಮಾಡುತ್ತೇವಲ್ಲ, ನಿಮ್ಮ ಕಡಾಯಿಯಲ್ಲಿ ಆದದ್ದೂ ಅದೇ. ಹಾಲು ಬಿಡಿ. ಅದರ ಬದಲು ಎಮ್ಮೆ ಹಾಲಿನ ತಾಜಾ ಕೆನೆ ಮೂರು ಚಮಚ ಚೆನ್ನಾಗಿ ಕಲಸಿ, ಉರಿ ಆರಿಸಿದ ಮೇಲೆ ಹಾಕಿ. ಕೆನೆಯಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ಸುಲಭಕ್ಕೆ ಒಡೆಯುವುದಿಲ್ಲ. ಹುಳಿ ಬಂದ ಕೆನೆ ಮಾತ್ರ ಬೇಡ.

ಚೀಸ್ ಮುದ್ದೆ ಆದದ್ದು ಕುದಿಸಿದ್ದಕ್ಕೆ. ಬಿಸಿ ಜಾಸ್ತಿ ಆದರೆ ಚೀಸ್ ಬಿಗಿದುಕೊಳ್ಳುತ್ತದೆ, ಒಳಗಿನ ಕೊಬ್ಬನ್ನು ಹೊರಗೆ ಹಿಂಡುತ್ತದೆ. ನೀವು ನೋಡಿದ ಎಣ್ಣೆ ಅದೇ. ಬಹುಶಃ ಮೊಝರೆಲ್ಲಾ ಅಥವಾ ಚೆಡ್ಡರ್ ಹಾಕಿದ್ದೀರಿ. ಪ್ರೊಸೆಸ್ಡ್ ಚೀಸ್ ಹಾಗೆ ಸುಲಭಕ್ಕೆ ಒಡೆಯುವುದಿಲ್ಲ, ಅದನ್ನು ತಯಾರಿಸುವಾಗಲೇ ಕೊಬ್ಬು ಮತ್ತು ನೀರು ಬೇರೆಯಾಗದ ಹಾಗೆ ಒಂದು ಬಗೆಯ ಲವಣ ಸೇರಿಸಿರುತ್ತಾರೆ. ಈ ಅಡುಗೆಗೆ ನಾನು ಅದನ್ನೇ ಆರಿಸುತ್ತೇನೆ. ಅಮುಲ್‌ನ 25 ಗ್ರಾಂ ಕ್ಯೂಬ್ ನಾಲ್ಕು ಸಾಕು. ಎಳೆ ಎಳೆಯಾಗಿ ಬರಬೇಕು ಅಂತ ಮಕ್ಕಳು ಕೇಳಿದರೆ ಮೂರು ಕ್ಯೂಬ್ ಜೊತೆ ಒಂದು ಹಿಡಿ ಮೊಝರೆಲ್ಲಾ.

ಮೊದಲೇ ತುರಿದಿಡಿ. ಉರಿ ಆರಿಸಿ, ಎರಡು ನಿಮಿಷ ಕಾಯಿರಿ, ಕುದಿ ಪೂರ್ತಿ ನಿಲ್ಲಲಿ. ಆಮೇಲೆ ಹಿಡಿ ಹಿಡಿಯಾಗಿ ಉದುರಿಸಿ ತಿರುವುತ್ತಾ ಹೋಗಿ. ಗಟ್ಟಿ ಅನಿಸಿದರೆ ಎರಡು ಚಮಚ ಬಿಸಿನೀರು. ಚೀಸ್ ಹಾಕಿದ ಮೇಲೆ ಮತ್ತೆ ಒಲೆ ಹಚ್ಚಬೇಡಿ.

ಗರಂ ಮಸಾಲೆ ಕೂಡ ಬೇಡ ಅಂತ ನನ್ನ ಅಭಿಪ್ರಾಯ. ಲವಂಗ, ಚಕ್ಕೆ ಬಂದರೆ ಚೀಸಿನ ರುಚಿ ಮುಚ್ಚಿಹೋಗುತ್ತದೆ. ಕಾಳುಮೆಣಸು, ಬಳ್ಳೊಳ್ಳಿ ಸಾಕು.

ರಿಂಗ್ ರೋಡ್ ಮನೆ, ಕಲಬುರಗಿ

ನಿನ್ನೆ ರಾತ್ರಿ ಮಾಡಿದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ತಹರಿಯ ಮಾತು ಓದಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಅಮ್ಮನ ಮನೆಯಲ್ಲಿ ತಹರಿ ನೋಡುತ್ತಲೇ ಬೆಳೆದವಳು ನಾನು, ಆದರೆ ಪಾಸ್ತಾ ಅಂದ ಕೂಡಲೇ ಅದು ಬೇರೆ ಲೋಕದ್ದು ಅಂತ ತಿಳಿದು ವಿಡಿಯೋ ಹೇಳಿದ ಹಾಗೇ ಮಾಡುತ್ತಿದ್ದೆ. ಹಳೇ ಪ್ಯಾಕೆಟ್ ತಿರುಗಿಸಿ ನೋಡಿದರೆ ಮೈದಾ ಅಂತಲೇ ಇತ್ತು. ಡ್ಯೂರಮ್‌ನ ಪೆನ್ನೆ ತಂದೆ.

ನಾಲ್ಕು ಸೀಟಿ, ಹತ್ತು ನಿಮಿಷಕ್ಕೆ ಖೀಮಾ ಇನ್ನೂ ಸ್ವಲ್ಪ ಬಿಗಿ ಇತ್ತು, ಇನ್ನೆರಡು ಸೀಟಿ ಹೊಡೆಸಿದೆ. ಆಮೇಲೆ ನಾಲಿಗೆಯಲ್ಲೇ ಒಡೆಯುವಷ್ಟು ಮೆತ್ತಗಾಯಿತು. ಬಿಸಿನೀರು 500 ಮಿಲಿ ಮೇಲೆ ಅರ್ಧ ಕಪ್ ಬೇಕಾಯಿತು. ತಳ ಹತ್ತಲಿಲ್ಲ. ಚೀಸ್ ಹಾಕಿ ತಿರುವಿದಾಗ ರಸ ನಯವಾಗಿ ಪೆನ್ನೆಯ ಒಳಗೆಲ್ಲ ಹೊಕ್ಕಿತು, ಎಣ್ಣೆ ಒಂದು ಹನಿ ತೇಲಲಿಲ್ಲ. ಚಿಕ್ಕವನು ಖೀಮಾ ಹೆಕ್ಕಲಿಲ್ಲ, ಎರಡನೇ ಸಲ ಹಾಕಿಸಿಕೊಂಡ.

ಆದರೆ ಊಟಕ್ಕೆ ಕೂರುವಾಗ ಒಂಬತ್ತೂಕಾಲು. ವಾರದ ಮಧ್ಯೆ ಇಷ್ಟು ತಡ ಆಗಬಾರದು. ಖೀಮಾ ಮೊದಲೇ ಮಾಡಿ ಇಡಬಹುದಾ? ಈ ಬಿಸಿಲಿನಲ್ಲಿ ಕೆಡುವುದಿಲ್ವಾ?

ಹುಮನಾಬಾದ್ ಕಡೆಯವ

ಇಡಬಹುದು, ನಾವೂ ಅದನ್ನೇ ಮಾಡುವುದು. ಭಾನುವಾರ ಒಂದು ಕಿಲೋ ಖೀಮಾ ಟಮಾಟೆ ಸಮೇತ ಬೇಯಿಸಿ, ಮೂರು ಡಬ್ಬಿಗೆ ಹಂಚಿ ಫ್ರೀಜರಿನಲ್ಲಿಡಿ. ಚೀಸ್, ಪಾಸ್ತಾ ಹಾಕುವ ಮುಂಚಿನ ಹದಕ್ಕೇ ನಿಲ್ಲಿಸಿ. ಅಗಲ ತಟ್ಟೆಯಲ್ಲಿ ಹರಡಿದರೆ ಬೇಗ ಆರುತ್ತದೆ. ಬೇಸಿಗೆಯಲ್ಲಿ ಕಲಬುರಗಿ 42, 43 ಡಿಗ್ರಿ ಮುಟ್ಟುತ್ತದೆ, ಅಂಥ ಬಿಸಿಲಲ್ಲಿ ಬೆಂದ ಮಾಂಸ ಒಂದು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಂದು ಡಬ್ಬಿ ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿ ಹೋಗಿ, ಹೊರಗೆ ಕಟ್ಟೆಯ ಮೇಲೆ ಇಡಬೇಡಿ. ರಾತ್ರಿ ಬಂದು ಚೆನ್ನಾಗಿ ಕುದಿಸಿ ಪಾಸ್ತಾ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ತಟ್ಟೆಗೆ ಬರುತ್ತದೆ. ಪಾಸ್ತಾ ಬೇಡ ಅನಿಸಿದ ದಿನ ಅದೇ ಡಬ್ಬಿ ಜೋಳದ ರೊಟ್ಟಿಗೆ ಆಗುತ್ತದೆ, ಆಗ ಸ್ವಲ್ಪ ಖಾರ ಮೇಲೆ ಹಾಕಿಕೊಳ್ಳಿ.

ಸುರಪುರದ ಹುಡುಗಿ

ನಮ್ಮ ಮನೆಯಲ್ಲಿ ಬೀಫ್ ತಿನ್ನುವುದಿಲ್ಲ. ಆಡಿನ ಮಟನ್ ಖೀಮಾದಲ್ಲಿ ಮಾಡಿದರೆ ಎಷ್ಟು ಸೀಟಿ?

ಹುಮನಾಬಾದ್ ಕಡೆಯವ

ಎಳೆ ಆಡಾದರೆ ಎರಡು ಸಾಕು. ಎಣ್ಣೆ ಒಂದೇ ಚಮಚ ಹಾಕಿ, ಉಳಿದದ್ದೆಲ್ಲ ಹೀಗೇ.