ಬೀಗರ ಮನೆ ಟರ್ಕಿಯಲ್ಲಿದ್ದರೆ

ಟರ್ಕಿಗೆ ಹೋಗಿ ಬಂದವರು ಬಲೂನಿನ ಫೋಟೋ ತೋರಿಸ್ತಾರೆ. ನಮ್ಮ ಶ್ರೀಪತಿ ತೋರಿಸಿದ್ದು ಚಪ್ಪಲಿ ಸ್ಟ್ಯಾಂಡಿನ ಫೋಟೋ.

"ಇದೇನೋ, ಅಂಗಡಿಗೆ ಹೋಗಿದ್ಯಾ?" ಅಂದ ನಾಗರಾಜ, ಕನ್ನಡಕ ಹಣೆಗೇರಿಸಿ.

"ಬೀಗರ ಮನೆ ಬಾಗಿಲು ಕಣಯ್ಯ. ಹೊರಗಿನ ಶೂ ಅಲ್ಲೇ ಬಿಚ್ಚಬೇಕು, ಬಿಚ್ಚಿದ ತಕ್ಷಣ ಮನೆಯೊಳಗಿನ ಚಪ್ಪಲಿ ಮೆಟ್ಟಬೇಕು. ಬಂದವರಿಗೆ ಅಂತಾನೇ ಎಲ್ಲಾ ಸೈಜಿನದೂ ಇಟ್ಟಿರ್ತಾರೆ. ನನಗೆ ಅಭ್ಯಾಸ ಎಲ್ಲಿ? ಬರಿಗಾಲಲ್ಲಿ ನಡುಮನೆಗೆ ಕಾಲಿಟ್ಟೆ. ಬೀಗಿತ್ತಿ ಚಪ್ಪಲಿ ಹಿಡ್ಕೊಂಡು ಓಡಿ ಬಂದ್ರು."

"ಹೋದ ದಿನವೇ?" ಅಂದ ಗೋಪಿ.

ವಿಷಯ ಏನಪ್ಪಾ ಅಂದ್ರೆ, ಶ್ರೀಪತಿ ಮಗಳು ಅಳಿಯ ಇಬ್ಬರಿಗೂ ಜರ್ಮನಿಯಲ್ಲಿ ಕೆಲಸ. ಅಳಿಯನ ಊರು ಟರ್ಕಿಯ ನಟ್ಟನಡುವಿನ ಕೈಸೇರಿ. ಕ್ರಿಸ್‌ಮಸ್ಸಿಂದ ಹೊಸ ವರ್ಷದವರೆಗೆ ಆಫೀಸಿಗೆ ರಜ, ಅಳಿಯ ಊರಿಗೆ ಹೊರಟ, ಮಗಳನ್ನು ನೋಡೋಕೆ ಹೋಗಿದ್ದ ಶ್ರೀಪತಿ, ಅವನ ಹೆಂಡತಿ ವಿಮಲಮ್ಮ ಇಬ್ಬರೂ ಜೊತೆಗೆ ಹೊರಟರು. ಪಾಸ್‌ಪೋರ್ಟಿನಲ್ಲಿ ಷೆಂಗೆನ್ ವೀಸಾ ಇದ್ದದ್ದರಿಂದ ಟರ್ಕಿಯ ವೀಸಾ ಮನೆಯಲ್ಲಿ ಕೂತೇ ಆನ್‌ಲೈನಲ್ಲಿ ಸಿಕ್ಕಿತಂತೆ.

"ಅಲ್ಲಯ್ಯಾ, 2025ರ ಮೇ ತಿಂಗಳಲ್ಲಿ ಟರ್ಕಿ ಬಹಿಷ್ಕಾರ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವನು ನೀನೇ ಅಲ್ವಾ? ಟೂರಿನವರು ಟರ್ಕಿ ಪ್ಯಾಕೇಜ್ ನಿಲ್ಲಿಸಿದ್ರು ಅಂತ ಪೇಪರ್ ಕಟಿಂಗ್ ಬೇರೆ ಕಳಿಸಿದ್ದೆ" ಅಂತ ನಾಗರಾಜ ಹಳೇ ಲೆಕ್ಕ ತೆಗೆದ.

"ದೇಶನ ಬಹಿಷ್ಕಾರ ಮಾಡಬಹುದು, ಬೀಗರನ್ನ ಮಾಡೋಕಾಗುತ್ತಾ? ಮನೆಯಲ್ಲಿ ನನ್ನನ್ನೇ ಬಹಿಷ್ಕಾರ ಹಾಕ್ತಾರೆ."

ಇಲ್ಲಿ ಗೋಪಿ ಬಗ್ಗೆ ಒಂದು ಮಾತು. ಅವನಿಗೆ ಪಾಸ್‌ಪೋರ್ಟಿಲ್ಲ, ಯೂಟ್ಯೂಬಿದೆ. ಲೋಕದ ಯಾವ ಊರಿನ ಯಾವ ಗಲ್ಲಿಯಲ್ಲಿ ಏನು ಸಿಗುತ್ತೆ ಅಂತ ಕೂತಲ್ಲೇ ಹೇಳ್ತಾನೆ. ಹೋಗಿ ಬಂದವರ ಪರೀಕ್ಷೆ ತಗೊಳ್ಳೋದು ಅವನ ಚಟ.

"ಬಿಸಿಗಾಳಿ ಬಲೂನು ಹಾರಿಸೋ ಕಪ್ಪಡೋಕಿಯಾಗೆ ಕೈಸೇರಿಯಿಂದ ಕಾರಲ್ಲಿ ಒಂದು ಗಂಟೆ. ಬಲೂನ್ ಹತ್ತಿದ್ಯಾ ಇಲ್ವಾ, ಅದು ಹೇಳು."

ಶ್ರೀಪತಿ ನಿಟ್ಟುಸಿರು ಬಿಟ್ಟ. ಅಲ್ಲಿನ ಗೊರೆಮೆ ಅನ್ನೋ ಊರಲ್ಲಿ ಕಲ್ಲು ಕೊರೆದು ಮಾಡಿದ ಗವಿ ಹೋಟೆಲಲ್ಲಿ ಉಳಿದರಂತೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಇನ್ನೊಂದು ಸ್ವೆಟರ್, ಜರ್ಕಿನ್, ಮೈಸೂರಿಂದ ಒಯ್ದ ಮಂಕಿ ಕ್ಯಾಪ್, ಇಷ್ಟನ್ನೂ ಹಾಕ್ಕೊಂಡು ಗೊಂಬೆ ಥರ ಸೋಫಾ ಮೇಲೆ ಕೂತ್ಕೊಳ್ಳೋದು. ಐದೂವರೆಗೆ ಫೋನು. ಗಾಳಿ ಜಾಸ್ತಿ, ವಿಮಾನಯಾನ ಇಲಾಖೆ ಒಪ್ಪಿಗೆ ಕೊಟ್ಟಿಲ್ಲ, ಇವತ್ತು ಹಾರೋ ಹಾಗಿಲ್ಲ. ಹಾಕಿದ್ದೆಲ್ಲ ಒಂದೊಂದಾಗಿ ಬಿಚ್ಚೋದು. ಮಾರನೇ ದಿನ ಮತ್ತೆ ಅದೇ.

"ಚಳಿಗಾಲದಲ್ಲಿ ಬಲೂನ್ ರದ್ದಾಗೋದೇ ಹೆಚ್ಚು. ಯಾವ ವೀಡಿಯೋ ನೋಡಿದ್ರೂ ಹೇಳ್ತಾರೆ" ಅಂದ ಗೋಪಿ, ತಾನೇ ಗಾಳಿ ಬೀಸಿಸಿದವನ ಹಾಗೆ.

"ಬಲೂನ್ ಸಿಕ್ತಲ್ಲ, ನೋಡಿ" ಅಂತ ವಿಮಲಮ್ಮ ಫ್ರಿಜ್ಜಿನ ಬಾಗಿಲು ತೋರಿಸಿದರು. ಅಲ್ಲಿ ಬಲೂನಿನ ಮ್ಯಾಗ್ನೆಟ್ಟು ಗ್ಯಾಸ್ ಬಿಲ್ಲನ್ನು ಹಿಡ್ಕೊಂಡು ನಿಂತಿತ್ತು.

ಮೇಲೆ ಹೋಗೋಕಾಗಲಿಲ್ಲ ಅಂತ ಅಳಿಯ ಅವರನ್ನು ಕೆಳಗೆ ಕರ್ಕೊಂಡು ಹೋದ. ಡೆರಿನ್‌ಕುಯು. ನೆಲದೊಳಗಿನ ಊರು. 85 ಮೀಟರ್ ಆಳ, ಒಂದು ಕಾಲಕ್ಕೆ 20,000 ಜನ ದನಕರು ಸಮೇತ ಅಡಗಿ ಕೂರಬಹುದಾಗಿತ್ತು ಅಂತಾರೆ. ದಾರಿಯೋ, ಸೊಂಟ ಬಗ್ಗಿಸಿಯೇ ಇಳೀಬೇಕು. ಗೋಪಿ ತಡೀಲಾರದೆ, "1963ರಲ್ಲಿ ಯಾರೋ ಮನೆ ರಿಪೇರಿಗೆ ಅಂತ ಗೋಡೆ ಒಡೆದಾಗ ಸಿಕ್ಕಿದ್ದು ಅದು" ಅಂದ.

"ನಾವು ಗೋಡೆ ಒಡೆದಾಗ ಪಕ್ಕದವರ ಬಾತ್‌ರೂಮ್ ಪೈಪು ಸಿಕ್ತು. ಇನ್ನೂ ಮಾತಾಡಿಸಲ್ಲ ಅವರು" ಅಂದ ನಾಗರಾಜ.

"ನೋಡೋ ಜಾಗದ ಕಥೆ ಬಿಡ್ರೋ" ಅಂದ ಶ್ರೀಪತಿ. "ಟೂರಲ್ಲಿ ಹೋದವನು ಊರು ನೋಡ್ತಾನೆ. ಬೀಗರ ಮನೆಗೆ ಹೋದವನು ಊಟದ ಮೇಜು ನೋಡ್ತಾನೆ. ನಾನು ಟರ್ಕಿ ನೋಡಿದ್ದೆಲ್ಲ ಆ ಮೇಜಿನ ಮೇಲೇ."

ಹೋದ ಸಂಜೆ ಎಲ್ಲರೂ ಸೋಫಾದ ಮೇಲೆ ಶಿಸ್ತಾಗಿ ಕೂತಿದ್ದಾರೆ. ಬೀಗರ ಚಿಕ್ಕಮಗ ಒಂದು ಗಾಜಿನ ಶೀಶೆ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಾ ಬಂದ. ಕೈ ಒಡ್ಡಿದ್ರೆ ಅಂಗೈಗೆ ನಿಂಬೆಹಣ್ಣಿನ ಘಮದ ನೀರು. ಶ್ರೀಪತಿ ಬಲಗೈ ಗೋಕರ್ಣ ಮಾಡಿ, ಕೆಳಗೆ ಎಡಗೈ ಇಟ್ಟು, ಭಕ್ತಿಯಿಂದ ತಗೊಂಡ. ಕಣ್ಣು ಮುಚ್ಚಿ ಬಾಯಿಗೇರಿಸಿಯೂ ಬಿಟ್ಟ.

"ತೀರ್ಥ ಅಂದ್ಕೊಂಡ್ರು" ಅಂದರು ವಿಮಲಮ್ಮ.

"ಅದು ಕೊಲೊನ್ಯಾ ಅಲ್ವೇನೋ!" ಗೋಪಿ ಕುರ್ಚಿಯಿಂದ ಎದ್ದೇಬಿಟ್ಟ. "ಬಂದ ಅತಿಥಿಗಳಿಗೆ ಕೈ ಉಜ್ಜಿಕೊಳ್ಳೋಕೆ ಕೊಡೋದು. 80 ಪರ್ಸೆಂಟ್ ಆಲ್ಕೋಹಾಲು! ಕೊರೋನಾದಲ್ಲಿ ಅವರಿಗೆ ಅದೇ ಸ್ಯಾನಿಟೈಸರ್!"

"ಈಗ ಹೇಳು. ನಾಲಿಗೆ ಉರಿದು ಕಣ್ಣಲ್ಲಿ ನೀರು ಬಂತು. ಬೀಗರು ನನ್ನ ಭುಜ ತಟ್ಟಿ ಏನೋ ಅಂದ್ರು. ಇಷ್ಟು ಪ್ರೀತಿಯಿಂದ ಕಣ್ಣು ತುಂಬಿಕೊಳ್ಳೋ ಬೀಗರು ಸಿಗೋದು ಪುಣ್ಯ ಅಂದ್ರಂತೆ. ಮಗಳು ಆಮೇಲೆ ಹೇಳಿದಳು."

ಮಿಕ್ಕ ನೀರನ್ನು ಶಾಸ್ತ್ರದ ಪ್ರಕಾರ ತಲೆಗೂ ಸವರಿಕೊಂಡ ಅನ್ನೋದನ್ನ ವಿಮಲಮ್ಮ ಹೇಳಿದ ಮೇಲೇ ಒಪ್ಪಿಕೊಂಡ.

ಬೀಗರು ಕೈಸೇರಿ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದವರು. ಆ ಊರಿನವರು ವ್ಯಾಪಾರದಲ್ಲಿ ಎಂಥ ಚತುರರು ಅಂದ್ರೆ ಕತ್ತೆಗೆ ಬಣ್ಣ ಬಳಿದು ಅಪ್ಪನಿಗೇ ಮಾರ್ತಾರೆ ಅಂತ ಟರ್ಕಿಯಲ್ಲೆಲ್ಲ ಮಾತಿದೆಯಂತೆ. ಬೀಗರೇ ನಗ್ತಾ ಹೇಳಿಕೊಂಡರು. "ಅಪ್ಪ ಕೊಂಡ್ಕೊಂಡನಾ?" ಅಂದ ನಾಗರಾಜ. ಅವನ ಪ್ರಶ್ನೆಗಳೇ ಹಾಗೆ.

ಆ ಊರಿನ ಹೆಮ್ಮೆ ಮಂತಿ. ಕಣಕದ ಪುಟ್ಟ ಚೌಕಕ್ಕೆ ಮಾಂಸದ ಹೂರಣ ಇಟ್ಟು ಮಡಚಿ ಬೇಯಿಸಿ, ಮೇಲೆ ಬೆಳ್ಳುಳ್ಳಿ ಮೊಸರು, ಅದರ ಮೇಲೆ ಕೆಂಪು ಮೆಣಸು ಹಾಕಿ ಕಾಯಿಸಿದ ಬೆಣ್ಣೆ. ಒಂದು ಚಮಚಕ್ಕೆ ನಲವತ್ತು ಹಿಡಿದರೇನೇ ಸೊಸೆ ಕೈ ಚೆನ್ನಾಗಿದೆ ಅಂತ ಲೆಕ್ಕ. ಇವರಿಗೋಸ್ಕರ ಬೀಗಿತ್ತಿ ಆಲೂಗಡ್ಡೆ ಹೂರಣದ್ದು ಬೇರೆ ಮಾಡಿದ್ದರು. ಶ್ರೀಪತಿ ಚಮಚದಲ್ಲಿದ್ದದ್ದನ್ನು ಎಣಿಸೋಕೆ ಹೋದನಂತೆ, ವಿಮಲಮ್ಮ ಮೇಜಿನಡಿ ಕಾಲು ತುಳಿದರಂತೆ.

"ಇವಳ ಕಥೆ ಕೇಳಿ ಮತ್ತೆ" ಅಂತ ಶ್ರೀಪತಿ ಸೇಡು ತೀರಿಸಿಕೊಂಡ. "ಪೇಟೆಯಲ್ಲಿ ಘಮ್ಮಂತ ಮೆಂತ್ಯದ ವಾಸನೆ. ಯಾರೋ ಮೆಂತ್ಯದ ಗೊಜ್ಜು ಕಾಯಿಸ್ತಿದ್ದಾರೆ ಬನ್ರೀ ಅಂತ ವಾಸನೆ ಹಿಡ್ಕೊಂಡು ಹೊರಟಳು. ಅಂಗಡಿ ತುಂಬ ಒಣಗಿಸಿದ ಮಾಂಸ ತೂಗುಹಾಕಿದ್ದಾರೆ. ಪಾಸ್ತಿರ್ಮಾ ಅಂತೆ. ಮೆಂತ್ಯ, ಬೆಳ್ಳುಳ್ಳಿ, ಮೆಣಸಿನಪುಡಿ ಅರೆದು ಅದಕ್ಕೆ ಮೆತ್ತಿರ್ತಾರೆ."

"ವಾಸನೆ ಮಾತ್ರ ನಮ್ಮದೇ" ಅಂದರು ವಿಮಲಮ್ಮ ಗಂಭೀರವಾಗಿ.

ಇನ್ನು ಚಹಾ. ತಲೆಗೆ ಇಷ್ಟು ಅಂತ ಲೆಕ್ಕ ಹಾಕಿದ್ರೆ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಚಹಾ ಕುಡಿಯೋರು ಟರ್ಕಿಯವರೇ, ವರ್ಷಕ್ಕೆ ಒಬ್ಬೊಬ್ಬರಿಗೆ 3 ಕೆಜಿಗೂ ಮೇಲೆ ಅಂತ ಗೋಪಿ ಅಂಕಿ ಒದಗಿಸಿದ. ಒಂದರ ಮೇಲೊಂದು ಕೂರಿಸಿದ ಎರಡು ಪಾತ್ರೆ. ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗಿನದರಲ್ಲಿ ಕುದಿನೀರು. ನಡು ಸಣ್ಣಗಿರೋ ಪುಟ್ಟ ಗಾಜಿನ ಲೋಟ. ಹಾಲಿಲ್ಲ. ಖಾಲಿಯಾದ ಲೋಟ ಖಾಲಿ ಇರೋಕೆ ಬಿಡಲ್ಲ.

"ನಾನು ಮರ್ಯಾದೆಗೆ ಪೂರ್ತಿ ಕುಡಿದು ಕೆಳಗಿಡೋದು, ಅವರು ಮರ್ಯಾದೆಗೆ ತುಂಬಿಸೋದು. ನಾನು ಕುಡಿಯೋದು, ಅವರು ತುಂಬಿಸೋದು. ಸಾಕು ಅಂತ ಕೈ ಅಡ್ಡ ಹಿಡಿದೆ, ನಾಚಿಕೆ ಅಂದ್ಕೊಂಡ್ರು. ತಲೆ ಅಲ್ಲಾಡಿಸಿದೆ, ಖುಷಿಯಾಗಿದ್ದಾರೆ ಅಂದ್ಕೊಂಡ್ರು. ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಡಿದ್ದೇ ಬಂತು, ಅದೂ ಬಾತ್‌ರೂಮಿಗೆ ಬೇರೆ ಚಪ್ಪಲಿ! ಬೀಗರು ಬೆಳಿಗ್ಗೆ ಅಳಿಯನ್ನ ಕೇಳಿದ್ರಂತೆ, ನಿಮ್ಮ ಮಾವ ರಾತ್ರಿ ಹೊತ್ತು ವಾಕಿಂಗ್ ಮಾಡ್ತಾರಾ ಅಂತ."

"ಸಾಕು ಅಂದ್ರೆ ಚಮಚವನ್ನ ಲೋಟದ ಬಾಯಿ ಮೇಲೆ ಅಡ್ಡ ಇಡಬೇಕು ಕಣೋ" ಅಂದ ಗೋಪಿ.

"ಹೌದು. ಹೊರಡೋ ಹಿಂದಿನ ದಿನ ಅಳಿಯ ಹೇಳಿದ."

ಡಿಸೆಂಬರ್ 31ರ ರಾತ್ರಿ ಮನೆಯಲ್ಲೇ ಆಚರಣೆ. ಹುರಿದ ಚೆಸ್ಟ್‌ನಟ್, ತಟ್ಟೆ ತುಂಬ ಬಾದಾಮಿ ಪಿಸ್ತಾ, ಎಲ್ಲರೂ ಸೇರಿ ತೊಂಬಲಾ. ಕ್ಲಬ್ಬಿನಲ್ಲಿ ನಾವಾಡೋ ಹೌಸಿಯೇ. ವಿಮಲಮ್ಮನಿಗೆ ಆ ಭಾಷೆಯ ಅಂಕಿ ಒಂದೂ ಬರಲ್ಲ, ಆದರೂ ಗೆದ್ದರಂತೆ. ಪಕ್ಕದಲ್ಲಿ ಕೂತ ಬೀಗಿತ್ತಿ ತಮ್ಮ ಚೀಟಿ ಬಿಟ್ಟು ಇವರ ಚೀಟಿಯಲ್ಲೇ ಹೊಡೀತಾ ಇದ್ದರು ಅಂತ ನನ್ನ ಗುಮಾನಿ.

ವಾಪಸ್ ಬರುವಾಗ ಇಸ್ತಾಂಬುಲ್. ಮಳೆ, ಜೊತೆಗೆ ಛತ್ರಿ ಉಲ್ಟಾ ಮಾಡೋ ಗಾಳಿ. ಗೋಪಿ ಪ್ರಶ್ನೆಪತ್ರಿಕೆ ಬಿಚ್ಚಿದ. "ಹಾಗಿಯಾ ಸೋಫಿಯಾ? 537ರಲ್ಲಿ ಚರ್ಚು, 1453ರಲ್ಲಿ ಮಸೀದಿ, 1935ರಲ್ಲಿ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ."

"ನಾನು ಹೋದಾಗ ಟಿಕೆಟ್ 25 ಯೂರೋ. ರೂಪಾಯಿಗೆ ಗುಣಿಸಿದೆ, ಇಬ್ಬರಿಗೆ ಮತ್ತೆ ಗುಣಿಸಿದೆ. ಹೊರಗಡೆಯಿಂದಾನೇ ಭವ್ಯವಾಗಿದೆ."

"ನೆಲದಡಿಯ ನೀರಿನ ತೊಟ್ಟಿ? 336 ಕಂಬ, ಕಲ್ಲಲ್ಲಿ ಕೆತ್ತಿದ ಹಾವುಗೂದಲಿನ ಮೆಡೂಸಾ ತಲೆ?"

"ಇವಳು ಅದರ ಬಾಗಿಲಲ್ಲಿ ಬೆಕ್ಕು ಮುದ್ದು ಮಾಡ್ತಾ ನಿಂತಳು. ಆ ಊರಲ್ಲಿ ಬೆಕ್ಕಿಗೆ ಸಿಗೋ ಮರ್ಯಾದೆ ನಮ್ಮಲ್ಲಿ ಕಾರ್ಪೊರೇಟರ್‌ಗೂ ಇಲ್ಲ. ಅಂಗಡಿಯ ಒಳ್ಳೇ ಕುರ್ಚಿ ಮೇಲೆ ಬೆಕ್ಕು, ಗಿರಾಕಿ ನಿಂತಿರ್ತಾನೆ."

ಅಲ್ಲಿ ಒಂದು ಮಿಠಾಯಿ ಅಂಗಡಿಗೆ ನುಗ್ಗಿ, ಇಷ್ಟು ದಿನ ಮಾಂಸ ಇದೆಯಾ ಅಂತ ಕೇಳಿ ಕೇಳಿ ಸುಸ್ತಾಗಿದ್ದವನು, ಸಿಹಿಗೆ ಯಾಕೆ ಕೇಳಬೇಕು ಅಂತ ಬಾಯಿ ಮುಚ್ಕೊಂಡು ಬೆಳ್ಳನೆಯ ಹಾಲಿನ ಪುಡಿಂಗ್ ತರಿಸಿದ. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ್ದರು. ಸ್ವಲ್ಪ ಎಳೆ ಎಳೆಯಾಗಿ ಅಂಟಂಟಾಗಿ ಬಹಳ ಚೆನ್ನಾಗಿತ್ತಂತೆ.

ಗೋಪಿ ಮುಖ ಬಿಳಿಚಿತು. "ಎಳೆ ಎಳೆಯಾಗಿತ್ತಾ? ಹೆಸರೇನು?"

"ತಾವುಕ್ ಅಂತ ಏನೋ ಶುರುವಾಗುತ್ತೆ."

"ತಾವುಕ್ ಗೋಗ್ಸು! ಕೋಳಿ ಎದೆಭಾಗವನ್ನ ನೂಲಿನ ಹಾಗೆ ಬಿಡಿಸಿ ಹಾಲು ಸಕ್ಕರೆಯಲ್ಲಿ ಕಾಯಿಸಿ ಮಾಡೋದು ಕಣೋ ಅದು! ಸುಲ್ತಾನರ ಅರಮನೆ ಸಿಹಿ!"

ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಶ್ರೀಪತಿ ವಿಮಲಮ್ಮನ ಮುಖ ನೋಡಿದ. ವಿಮಲಮ್ಮ ಕಾಫಿ ಲೋಟ ಎತ್ತಿಕೊಳ್ಳೋ ನೆಪದಲ್ಲಿ ತಲೆ ತಗ್ಗಿಸಿದರು.

"ನಿನಗೆ ಗೊತ್ತಿತ್ತಾ?"

"ಮಗಳು ಹೇಳಿದಳು. ಅಷ್ಟೊತ್ತಿಗೆ ನೀವು ಎರಡನೇ ತಟ್ಟೆಗೆ ಹೇಳಿ ಆಗಿತ್ತು. ಪಾಪ, ಅಷ್ಟು ದಿನಕ್ಕೆ ಒಂದು ದಿನ ನೆಮ್ಮದಿಯಾಗಿ ತಿಂತಿದ್ರಿ."

ಮಾತು ಬದಲಿಸಬೇಕಲ್ಲ, ಬೀಗರನ್ನು ಮೈಸೂರಿಗೆ ಕರೆದಿದ್ದೀಯಾ ಅಂತ ನಾನು ಕೇಳಿದೆ. ದಸರಾಕ್ಕೆ ಬರ್ತಾರಂತೆ, ಮನೆಮಂದಿಯೆಲ್ಲ. ಅವರು ಮಾಡಿದಷ್ಟು ಉಪಚಾರ ನಮ್ಮ ಕೈಯಲ್ಲಿ ಆಗುತ್ತಾ ಅಂತ ವಿಮಲಮ್ಮನಿಗೆ ಈಗಲೇ ಚಿಂತೆ. ಶ್ರೀಪತಿಗೆ ಮಾತ್ರ ಎಲ್ಲಾ ತೀರ್ಮಾನ ಆಗಿತ್ತು.

"ಒಬ್ಬಟ್ಟು. ಒಂದು ಮುಗೀತಿದ್ದ ಹಾಗೆ ಇನ್ನೊಂದು. ತುಪ್ಪ. ಮತ್ತೆ ಒಬ್ಬಟ್ಟು."

"ಅವರು ಉಷಾರು, ಚಮಚ ಅಡ್ಡ ಇಟ್ಟುಬಿಡ್ತಾರೆ" ಅಂದ ನಾಗರಾಜ.

"ಬಾಳೆಲೆ ಹಾಕಿಸ್ತೀನಿ. ಚಮಚವೇ ಕೊಡಲ್ಲ."