ಅಧಿವೇಶನಕ್ಕೆ ಮುನ್ನ ಪಾಲಿಕೆ ನಮ್ಮ ಶಾಸಕರ ಮುಂದೆ ಏನನ್ನು ಇಡಬೇಕು?

ವಡಗಾವಿಯ ಶಿಕ್ಷಕಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಚಳಿಗಾಲದ ಅಧಿವೇಶನ ಶುರುವಾಗುವ ಮೊದಲು ಪಾಲಿಕೆಯ ಸದಸ್ಯರು ನಗರದ ಶಾಸಕರೊಂದಿಗೆ ಕುಳಿತು, ಸದನದಲ್ಲಿ ಎತ್ತಬೇಕಾದ ವಿಷಯಗಳನ್ನು ಗೊತ್ತುಮಾಡಿಕೊಳ್ಳಬೇಕು ಎಂಬ ಮಾತು ನಮ್ಮ ವಾರ್ಡಿನಲ್ಲಿ ನಡೆದಿದೆ. ಓಣಿಯ ಪರವಾಗಿ ಒಂದು ಪುಟ ಬರೆದುಕೊಡಿ ಎಂದು ವಾರ್ಡಿನ ಸದಸ್ಯರು ನನ್ನನ್ನು ಕೇಳಿದ್ದಾರೆ.

ಮನೆಮನೆಗೆ ಹೋಗಿ ವಿಚಾರಿಸಿದೆ. ಬೀದಿದೀಪ, ಚರಂಡಿ, ನಾಯಿಗಳ ಕಾಟ, ಮಗ್ಗವಿರುವ ಮನೆಗಳ ತೆರಿಗೆ, ಕಂದಾಯ ನಿವೇಶನಗಳ ಖಾತೆ, ಮಳೆಗಾಲದಲ್ಲಿ ಉಕ್ಕುವ ಬಳ್ಳಾರಿ ನಾಲಾ: ಪಟ್ಟಿ ಬೆಳೆಯುತ್ತಲೇ ಇದೆ. ಇವುಗಳಲ್ಲಿ ಶಾಸಕರು ಸದನದಲ್ಲಿ ಕೇಳಬೇಕಾದದ್ದು ಯಾವುದು, ಪಾಲಿಕೆ ತಾನೇ ಮಾಡಬೇಕಾದದ್ದು ಯಾವುದು? ಇದನ್ನು ಬೇರ್ಪಡಿಸಲು ತಿಳಿದವರು ನೆರವಾಗಬೇಕು.

2006ರಲ್ಲಿ ಮೊದಲ ಸಲ ಇಲ್ಲಿ ಅಧಿವೇಶನ ನಡೆದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. 2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧವೂ ಉದ್ಘಾಟನೆಯಾಯಿತು. ಇಡೀ ಸರ್ಕಾರ ನಮ್ಮ ಊರಿಗೇ ಬಂದು ಕೂರುತ್ತದೆ. ಆ ದಿನಗಳಲ್ಲಿ ನಮ್ಮ ಊರಿನ ಮಾತು ಅಲ್ಲಿ ಕೇಳಿಸಲೇಬೇಕು ಎಂಬುದು ನನ್ನ ಆಸೆ.

ನಿವೃತ್ತ ಲೆಕ್ಕಾಧಿಕಾರಿ (ವಿಜಯಪುರ)

ಅಕ್ಕನವರೇ, ಪ್ರತಿಯೊಂದು ಬೇಡಿಕೆಯ ಎದುರಿಗೂ ಒಂದೇ ಪ್ರಶ್ನೆ ಬರೆದುಕೊಳ್ಳಿ: ಈ ಕೆಲಸ ಆಗಬೇಕಾದರೆ ಯಾರ ಸಹಿ ಬೇಕು? ಬೀದಿದೀಪಕ್ಕೆ ಪಾಲಿಕೆಯ ಸಹಿ ಸಾಕು, ಅದನ್ನು ತೆಗೆದುಬಿಡಿ. ಚರಂಡಿಯದೂ ಹಾಗೆಯೇ. ಸ್ಥಳೀಯ ಸಂಸ್ಥೆಗಳಲ್ಲೇ ನನ್ನ ನೌಕರಿ ಕಳೆಯಿತು. ನಲವತ್ತು ಬೇಡಿಕೆಗಳ ಮನವಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂಥದ್ದನ್ನು ಕೈಗೆ ತೆಗೆದುಕೊಂಡವರು ತಮಗೆ ಸುಲಭವಾದ ಒಂದನ್ನು ಮಾಡಿ ಉಳಿದದ್ದನ್ನು ಮರೆಯುತ್ತಾರೆ.

ಇನ್ನೊಂದು ವಿಷಯ. 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಕಾರ ನಗರದ ಶಾಸಕರು ಪಾಲಿಕೆಯ ಸದಸ್ಯರೇ ಆಗಿರುತ್ತಾರೆ. ಮೇಯರ್ ಚುನಾವಣೆಯಲ್ಲಿ ಅವರಿಗೂ ಮತವಿದೆ. ಆದ್ದರಿಂದ ಅವರನ್ನು ಅತಿಥಿಗಳೆಂದು ಕರೆದು ಹಾರ ಹಾಕುವ ಸಭೆ ಬೇಡ. ತಮ್ಮದೇ ಸಭೆಗೆ ಬಂದ ಸದಸ್ಯರೆಂದು ಕೂರಿಸಿ ಲೆಕ್ಕ ಕೇಳಿ.

ಶಾಸನಸಭೆಯಿಂದಲೇ ಆಗಬೇಕಾದದ್ದು ಎಂದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿರುವುದು ಇದು. ನೀವು 2021ರ ಸೆಪ್ಟೆಂಬರ್‌ನಲ್ಲಿ 58 ವಾರ್ಡುಗಳಿಗೆ ಮತ ಹಾಕಿದಿರಿ. ಮೇಯರ್ ಆಯ್ಕೆಯಾದದ್ದು 2023ರ ಫೆಬ್ರವರಿಯಲ್ಲಿ. ನಮ್ಮಲ್ಲಿ 2022ರ ಅಕ್ಟೋಬರ್‌ನಲ್ಲಿ ಮತದಾನವಾಯಿತು. ಮೇಯರ್ ಬಂದದ್ದು 2024ರ ಜನವರಿಯಲ್ಲಿ. ಗೆದ್ದವರು ಮನೆಯಲ್ಲಿ, ಅಧಿಕಾರವೆಲ್ಲ ಅಧಿಕಾರಿಗಳ ಕೈಯಲ್ಲಿ. ಮತ ಹಾಕಿದ ಜನರಿಗೆ ಆದ ಈ ಅನ್ಯಾಯ ನನಗೆ ಇಂದಿಗೂ ಸಹಿಸಲಾಗುತ್ತಿಲ್ಲ. ಮೇಯರ್, ಉಪಮೇಯರ್ ಸ್ಥಾನಗಳ ಮೀಸಲಾತಿ ಪಟ್ಟಿ ಮತದಾನಕ್ಕೆ ಮೊದಲೇ, ಐದೂ ವರ್ಷಕ್ಕೆ ಸೇರಿ ಹೊರಬೀಳಬೇಕು. ಫಲಿತಾಂಶ ಬಂದ ಇಂತಿಷ್ಟು ದಿನಗಳೊಳಗೆ ಮೊದಲ ಸಭೆ ನಡೆಯಲೇಬೇಕು. ಇದಕ್ಕೆ ಕಾಯ್ದೆ ತಿದ್ದುಪಡಿಯೇ ದಾರಿ. ಪಾಲಿಕೆ ಎಷ್ಟು ನಿರ್ಣಯ ಮಾಡಿದರೂ ಆಗದು.

ನಾಲಾ ಬಿಡಿ. ಅದು ಇಂಜಿನಿಯರುಗಳ ಕೆಲಸ, ಕಾನೂನಿನ ವಿಷಯವಲ್ಲ.

ನವನಗರದವ (ಬಾಗಲಕೋಟೆ)

ಲೆಕ್ಕಾಧಿಕಾರಿ ಸರ್ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮದು ನಗರಸಭೆ, ಇಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. 2020ರ ಬಿಬಿಎಂಪಿ ಕಾಯ್ದೆಯೂ ಮೇಯರ್‌ಗೆ 30 ತಿಂಗಳನ್ನೇ ಇಟ್ಟಿತ್ತು. ಆದರೆ ಬೆಳಗಾವಿಯಂಥ ಪಾಲಿಕೆಗಳಲ್ಲಿ ವರ್ಷಕ್ಕೊಬ್ಬ ಮೇಯರ್ ಬದಲಾಗುತ್ತ ಬಂದಿದ್ದಾರೆ. ಬಜೆಟ್ ಮಂಡಿಸಿದವರು ಅದರ ಫಲ ನೋಡುವ ಮೊದಲೇ ಕುರ್ಚಿ ಬಿಡುತ್ತಾರೆ.

ನನ್ನ ಅಣ್ಣ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದಾನೆ. ಅಲ್ಲಿಯ ಶಾಸನಸಭೆ ಜನವರಿಯ ಎರಡನೆಯ ಸೋಮವಾರ ಕೂಡುತ್ತದೆ. ಅದಕ್ಕೆ ಮೊದಲೇ ಅನೇಕ ನಗರಗಳ ಕೌನ್ಸಿಲ್‌ಗಳು ತಮ್ಮ ಆದ್ಯತೆಗಳ ಪಟ್ಟಿಯನ್ನು ಬಹಿರಂಗ ಸಭೆಯಲ್ಲಿ ಒಪ್ಪಿ, ತಮ್ಮ ಭಾಗದ ಶಾಸಕರನ್ನು ಕೂರಿಸಿಕೊಂಡು ಒಂದೊಂದಾಗಿ ಚರ್ಚಿಸುತ್ತವೆ. ಪಟ್ಟಿ ಯಾರು ಬೇಕಾದರೂ ಓದುವಂತಿರುತ್ತದೆ. ಬೆಳಗಾವಿಯೂ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿಯೇ ಅಂಗೀಕರಿಸಲಿ. ಕೈಚೀಟಿಯಲ್ಲಿ ಕೊಟ್ಟದ್ದು ಕಿಸೆಯಲ್ಲೇ ಉಳಿಯುತ್ತದೆ.

ಬಾಸುಮತಿ ಬೆಳೆಗಾರ (ಶಹಾಪುರ, ಬೆಳಗಾವಿ)

ವಿಜಯಪುರದ ಹಿರಿಯರೇ, ‘ನಾಲಾ ಬಿಡಿ’ ಎಂಬ ಮಾತನ್ನು ಒಪ್ಪಲಾರೆ. ಶಹಾಪುರ, ವಡಗಾವಿ, ಅನಗೋಳದ ಕಪ್ಪು ಮಣ್ಣಿನಲ್ಲಿ ಬೆಳೆಯುವ ಬಾಸುಮತಿಯ ಪರಿಮಳ ಇಡೀ ಜಿಲ್ಲೆಗೆ ಗೊತ್ತು. ಆಷಾಢದಲ್ಲಿ ಬಳ್ಳಾರಿ ನಾಲಾ ಉಕ್ಕಿದರೆ ಸಸಿ ನೀರಿನಡಿ ಕೊಳೆಯುತ್ತದೆ. ಮತ್ತೆ ಬೀಜ ತರಬೇಕು, ಮತ್ತೆ ಆಳುಗಳನ್ನು ಹಿಡಿಯಬೇಕು. ಹೂಳು ತೆಗೆಸಿ ಎಂದು ಅರ್ಜಿ ಹಿಡಿದು ಹೋದರೆ ಒಂದು ಕಚೇರಿಯವರು ‘ಆ ಭಾಗ ನಗರದ ಹದ್ದಿನ ಆಚೆಗಿದೆ’ ಎನ್ನುತ್ತಾರೆ, ಇನ್ನೊಂದು ಕಚೇರಿಯವರು ‘ಅದರಲ್ಲಿ ಹರಿಯುವುದು ನಗರದ ನೀರು’ ಎನ್ನುತ್ತಾರೆ. ನೀರಿಗೆ ಹದ್ದು ಎಲ್ಲಿದೆ? ಮೇಲಿನಿಂದ ಕೊನೆಯವರೆಗೆ ನಾಲಾದ ಹೊಣೆ ಒಬ್ಬರದೇ ಎಂದು ಗೊತ್ತಾಗದೆ ಯಾವ ಇಂಜಿನಿಯರ್ ಏನು ಮಾಡುತ್ತಾನೆ? ಆ ಹೊಣೆ ಹೊರಿಸುವ ಶಕ್ತಿ ಸರ್ಕಾರಕ್ಕೆ ಮಾತ್ರ ಇದೆ. ನಿಮ್ಮದೇ ಸಹಿಯ ಪ್ರಶ್ನೆಯನ್ನು ಇಲ್ಲಿ ಕೇಳಿ ನೋಡಿ.

ನಿವೃತ್ತ ಲೆಕ್ಕಾಧಿಕಾರಿ (ವಿಜಯಪುರ)

ನಿಮ್ಮ ಮಾತು ಸರಿಯಾಗಿದೆ ತಮ್ಮಾ. ಹೊಣೆ ಎರಡು ಹದ್ದುಗಳಲ್ಲಿ ಹಂಚಿಹೋಗಿದ್ದರೆ ಅದು ರಾಜ್ಯ ಸರ್ಕಾರದ ಮುಂದೆಯೇ ಹೋಗಬೇಕು. ಆದರೆ ‘ನಾಲಾ ಸ್ವಚ್ಛಗೊಳಿಸಿ’ ಎಂದು ಬರೆಯಬೇಡಿ. ಪೂರ್ತಿ ಉದ್ದಕ್ಕೆ ಒಂದೇ ಪ್ರಾಧಿಕಾರವನ್ನು ಹೆಸರಿಸಿ, ಒತ್ತುವರಿಯ ಸರ್ವೆ ಮಾಡಿಸಿ, ಮಳೆಗಾಲಕ್ಕೆ ಮೊದಲು ಹೂಳೆತ್ತಲು ಪ್ರತ್ಯೇಕ ಅನುದಾನವಿಡಿ ಎಂದು ಬರೆಯಿರಿ. ಹಾಗೆ ಬರೆದರೆ ಸಚಿವರು ‘ಪರಿಶೀಲಿಸಲಾಗುವುದು’ ಎಂದು ಉತ್ತರಿಸಿ ತಪ್ಪಿಸಿಕೊಳ್ಳುವುದು ಕಷ್ಟ.

ವಡಗಾವಿಯ ಶಿಕ್ಷಕಿ (ಬೆಳಗಾವಿ)

ಎಲ್ಲರಿಗೂ ಧನ್ಯವಾದ. ನಮ್ಮ ಪುಟದಲ್ಲಿ ಮೂರೇ ವಿಷಯ ಇಡುತ್ತೇನೆ. ಮೊದಲನೆಯದು ನಾಲಾ, ನಮ್ಮ ಭಾಗದಲ್ಲಿ ಅನ್ನ ಬೆಳೆಯುವವರು ಮುಂದಿನ ಮಳೆಯವರೆಗೆ ಮಾತ್ರ ಕಾಯಬಲ್ಲರು. ಎರಡನೆಯದು ಮೀಸಲಾತಿ ಪಟ್ಟಿ ಮತ್ತು ಮೇಯರ್ ಅವಧಿ. ಮೂರನೆಯದು ಸಂವಿಧಾನದ ಹನ್ನೆರಡನೆಯ ಅನುಸೂಚಿ. ನಗರಗಳ ಸ್ಥಳೀಯ ಸಂಸ್ಥೆಗಳಿಗೆ ರಾಜ್ಯ ವಹಿಸಿಕೊಡಬಹುದಾದ ಕೆಲಸಗಳೆಂದು ಅದು ಪಟ್ಟಿಮಾಡಿರುವ 18 ವಿಷಯಗಳನ್ನು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳಿಗೆ ಕಲಿಸಿದ್ದೇನೆ. ಮೊದಲ ವಿಷಯವೇ ನಗರ ಯೋಜನೆ. ಬೆಳಗಾವಿಯಲ್ಲಿ ಆ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿದೆ, ನಾವು ಆರಿಸಿದ ಪಾಲಿಕೆಯ ಕೈಯಲ್ಲಿಲ್ಲ. ಬಡಾವಣೆಗೆ ಒಪ್ಪಿಗೆ ಕೊಡುವವರು ಒಬ್ಬರು, ಅಲ್ಲಿ ನೀರು ನುಗ್ಗಿದಾಗ ಜನರ ಮುಂದೆ ನಿಲ್ಲುವವರು ಇನ್ನೊಬ್ಬರು. ಇದು ಬದಲಾಗಬೇಕು.

ಪ್ರತಿಯನ್ನು ಇಬ್ಬರು ವಿಧಾನ ಪರಿಷತ್ ಸದಸ್ಯರಿಗೂ ಕಳುಹಿಸುತ್ತೇನೆ. ನಮ್ಮ ಜಿಲ್ಲೆಯ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಆರಿಸಿಹೋದ ಅವರು ಪಾಲಿಕೆ, ಪಂಚಾಯಿತಿ ಸದಸ್ಯರ ಮತದಿಂದಲೇ ಮೇಲ್ಮನೆಯಲ್ಲಿದ್ದಾರೆ. ನಾಲಾದ ವಿಷಯವನ್ನು ಶಾಸಕರೊಬ್ಬರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಗೂ ಸಲ್ಲಿಸುವ ಯೋಚನೆಯಿದೆ.

ಶಹಾಪುರದ ತಮ್ಮನವರೇ, ಕಳೆದ ಮಳೆಗಾಲದಲ್ಲಿ ನೀರು ನಿಂತ ಹೊಲಗಳ ಸರ್ವೆ ನಂಬರುಗಳನ್ನು ರೈತರಿಂದ ಬರೆಸಿಕೊಂಡು ಭಾನುವಾರದೊಳಗೆ ತಲುಪಿಸಬಲ್ಲಿರಾ? ಅವನ್ನು ಮನವಿಗೆ ಲಗತ್ತಿಸುತ್ತೇನೆ.